ಗೇರ್‌ಬಾಕ್ಸ್‌ಗೆ ಅಯಸ್ಕಾಂತದ ಪ್ಲಗ್: ಮೂರು ಬಗೆ ಕೊಂಡು, ಎಣ್ಣೆಯಲ್ಲಿ ಕಾಯಿಸಿ ನೋಡಿದ ಮೇಲೆ

ಗೇರ್ ಆಯಿಲ್ ಇಳಿಸುವ ದಿನ ಡ್ರೈನ್ ಪ್ಲಗ್‌ನ (ಎಣ್ಣೆ ಹೊರಬಿಡುವ ತೂತಿನ ಬಿರಡೆಯ) ತುದಿಯನ್ನು ಬಿಳಿಯ ಹತ್ತಿ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡುವುದು ಸಕಲೇಶಪುರದ ನಮ್ಮ ಮೆಕ್ಯಾನಿಕ್ ಅವರ ಹಳೆಯ ರೂಢಿ. ಕಾಡಿಗೆಯಷ್ಟು ನುಣುಪಾದ ಕಪ್ಪು ಲೇಪ ಕಂಡರೆ ಅವರು ಬಟ್ಟೆ ಎಸೆದು ಕೆಲಸ ಮುಂದುವರಿಸುತ್ತಾರೆ. ಬೆರಳಿಗೆ ಚುಚ್ಚುವಂಥ ಚೂರು ಸಿಕ್ಕಿತೆಂದರೆ ಮಾತ್ರ ಎದ್ದು ನಿಂತು, "ಸರ್, ಇದನ್ನು ಬಿಚ್ಚಿಯೇ ನೋಡಬೇಕು" ಎನ್ನುತ್ತಾರೆ. ನನ್ನ ಹಳೆಯ ಡೀಸೆಲ್ ಪಿಕಪ್ ಜೀಪಿನಲ್ಲಿ ಈ ಪರೀಕ್ಷೆ ಹಿಂದಿನ ಚಕ್ರಗಳ ನಡುವಿನ ಗೇರುಪೆಟ್ಟಿಗೆಯಾದ ಡಿಫರೆನ್ಷಿಯಲ್‌ಗೆ ಮಾತ್ರ ಸಾಧ್ಯವಿತ್ತು, ಏಕೆಂದರೆ ಸವೆದ ಲೋಹದ ಪುಡಿಯನ್ನು ಸೆಳೆದು ಹಿಡಿಯುವ ಅಯಸ್ಕಾಂತ ಕೂರಿಸಿದ ಪ್ಲಗ್ ಇದ್ದದ್ದು ಅಲ್ಲೊಂದೇ ಕಡೆ. ಗೇರ್‌ಬಾಕ್ಸ್‌ನದು ಬರಿಯ ಕಬ್ಬಿಣದ ಬೋಲ್ಟು. ಆ ಕೊರತೆಯನ್ನು ತುಂಬಲು ಹದಿನಾಲ್ಕು ತಿಂಗಳಲ್ಲಿ ಮೂರು ಬಗೆಯ ಅಯಸ್ಕಾಂತಗಳನ್ನು ಕೊಂಡು ಬಳಸಿದ್ದೇನೆ. ಒಂದು ಕೈಕೊಟ್ಟಿತು, ಒಂದು ನಿರುಪಯುಕ್ತವಾಯಿತು, ಮೂರನೆಯದು ಈಗಲೂ ಜೀಪಿನಲ್ಲಿದೆ. ಮೂರರ ಬಗ್ಗೆಯೂ ನನ್ನ ಅಭಿಪ್ರಾಯವನ್ನು ಇಲ್ಲಿ ಬರೆದಿದ್ದೇನೆ.

ಅಂಗಡಿಗೆ ಹೋಗುವ ಮೊದಲು ತಿಳಿಯಬೇಕಾದದ್ದು ನಮ್ಮ ಗೇರ್‌ಬಾಕ್ಸ್‌ನೊಳಗಿನ ಎಣ್ಣೆ ನಿಜವಾಗಿ ಎಷ್ಟು ಕಾಯುತ್ತದೆ ಎಂಬುದು. ನಾನು ಇದನ್ನು ತಿಳಿಯದೆ ಮೊದಲ ಪ್ಲಗ್ ಕೊಂಡೆ, ತಪ್ಪು ಅಲ್ಲಿಂದಲೇ ಶುರುವಾಯಿತು. ಆಮೇಲೆ ಅಳೆಯಲು ಹೊರಟಾಗ ಮೊದಲು ಕೈಗೆತ್ತಿಕೊಂಡದ್ದು ದೂರದಿಂದಲೇ ತಾಪ ತೋರಿಸುವ ಇನ್‌ಫ್ರಾರೆಡ್ ಗನ್. ಹೊಳೆಯುವ ಸತುವಿನ ಲೇಪವಿದ್ದ ಪ್ಲಗ್ ತಲೆಗೆ ಹಿಡಿದರೆ ಅದು 52 ಡಿಗ್ರಿ ಸೆಲ್ಸಿಯಸ್ ತೋರಿಸಿತು. ಅದೇ ತಲೆಗೆ ಕರಿಯ ಇನ್ಸುಲೇಷನ್ ಟೇಪ್ ಅಂಟಿಸಿ ಹಿಡಿದರೆ 79! ಹೊಳೆಯುವ ಲೋಹ ತನ್ನ ಶಾಖವನ್ನು ಕಿರಣವಾಗಿ ಹೊರಬಿಡುವುದೇ ಕಡಿಮೆ, ಆದ್ದರಿಂದ ಈ ಗನ್‌ಗಳು ಅಂಥ ಕಡೆ ಸಾಮಾನ್ಯವಾಗಿ ಕಡಿಮೆಯನ್ನೇ ಹೇಳುತ್ತವೆ. ಕೊನೆಗೆ ಮಲ್ಟಿಮೀಟರ್ ಜೊತೆ ಬರುವ ತಾಗಿದ ಕಡೆಯ ತಾಪ ತೋರಿಸುವ ಕೆ ಮಾದರಿಯ ಥರ್ಮೋಕಪಲ್ ತಂತಿಯನ್ನು ಪ್ಲಗ್‌ಗೆ ತಾಗಿಸಿ, ಮೇಲೆ ಬಟ್ಟೆ ಹೊದಿಸಿ ಕಟ್ಟಿ, ತಂತಿಯ ಇನ್ನೊಂದು ತುದಿಯನ್ನು ಗೇರ್ ಲಿವರ್‌ನ ರಬ್ಬರಿನ ಸಂದಿಯಿಂದ ಒಳಗೆ ತಂದುಕೊಂಡೆ. ನಂಬಬಹುದಾದ ಅಂಕಿ ಸಿಕ್ಕಿದ್ದು ಆಗಲೇ.

ಏಪ್ರಿಲ್ ತಿಂಗಳಲ್ಲಿ ಮಂಗಳೂರಿನಿಂದ ಹಳೆಯ ಹಂಚು ಹೇರಿಕೊಂಡು ಶಿರಾಡಿ ಘಾಟಿಯಲ್ಲಿ ಮನೆಗೆ ಬರುವಾಗ ನಾನು ಬರೆದುಕೊಂಡ ಅಂಕಿಗಳು ಹೀಗಿವೆ. ಉಪ್ಪಿನಂಗಡಿ ದಾಟುವವರೆಗಿನ ಸಮತಟ್ಟು ದಾರಿಯಲ್ಲಿ 70ರ ಆಸುಪಾಸು. ಗುಂಡ್ಯದಲ್ಲಿ 76. ಅಲ್ಲಿಂದ ಎರಡನೆಯ ಮತ್ತು ಮೂರನೆಯ ಗೇರಿನಲ್ಲಿ ಲಾರಿಗಳ ಹಿಂದೆ ತೆವಳುತ್ತ ದೋಣಿಗಲ್ ಮುಟ್ಟಿದಾಗ 103. ಚಹಾಕ್ಕೆಂದು ನಿಲ್ಲಿಸಿ ಎಂಜಿನ್ ಆರಿಸಿದ ಮೇಲೆ ಇಳಿಯಬೇಕಾದ ಅಂಕಿ ಇಳಿಯಲಿಲ್ಲ. ಹತ್ತು ನಿಮಿಷದಲ್ಲಿ 107ಕ್ಕೆ ಏರಿತು. ಸೈಲೆನ್ಸರ್ ಪೈಪು ಗೇರ್‌ಬಾಕ್ಸ್‌ನ ಮಗ್ಗುಲಲ್ಲೇ ಹಾದುಹೋಗುತ್ತದೆ, ಗಾಡಿ ನಿಂತರೆ ಗಾಳಿಯೂ ನಿಲ್ಲುತ್ತದೆ, ಆ ಪೈಪಿನ ಕಾವೆಲ್ಲ ಗೇರ್‌ಬಾಕ್ಸ್‌ನ ಬೀಡಿನ (ಎರಕದ ಕಬ್ಬಿಣದ) ಮೈಗೆ ಇಳಿಯುತ್ತದೆ. ನಾನು ಅಳೆದದ್ದು ಪ್ಲಗ್‌ನ ಹೊರಮೈ, ಒಳಗಿನ ಎಣ್ಣೆ ಇದಕ್ಕಿಂತ ಒಂದಿಷ್ಟು ಹೆಚ್ಚೇ ಕಾದಿರುತ್ತದೆ. ಆದ್ದರಿಂದ ನನ್ನ ಲೆಕ್ಕಕ್ಕೆ 110 ಎಂದು ಹಿಡಿದುಕೊಂಡೆ. ಬೇರೆ ಗಾಡಿ, ಬೇರೆ ದಾರಿಯಾದರೆ ಅಂಕಿ ಬೇರೆಯಾಗುತ್ತದೆ. ಬಯಲುಸೀಮೆಯ ಹೆದ್ದಾರಿಯಲ್ಲಿ ಖಾಲಿ ಓಡುವ ಕಾರಿನ ಗೇರ್‌ಬಾಕ್ಸ್ ಈ ಮಟ್ಟಕ್ಕೆ ಬರುವುದು ಅಪರೂಪ.

ಈ 110 ಡಿಗ್ರಿ ಗೇರ್ ಆಯಿಲ್‌ಗೆ ಹೊಸದೇನಲ್ಲ. ಅಯಸ್ಕಾಂತದ ಕಥೆ ಬೇರೆ. ಇಂದು ಅಂಗಡಿಯಲ್ಲಿ ಬಲವಾದ ಅಯಸ್ಕಾಂತ ಎಂದು ಕೇಳಿದರೆ ಕೊಡುವುದು ನಿಯೋಡಿಮಿಯಂ, ಕಬ್ಬಿಣ, ಬೋರಾನ್ ಸೇರಿದ ಬೆಳ್ಳಿಬಣ್ಣದ ಬಿಲ್ಲೆಯನ್ನು. 1980ರ ದಶಕದ ಮೊದಲ ಭಾಗದಲ್ಲಿ ಜಪಾನಿನ ಮಸಾಟೊ ಸಗಾವಾ ಮತ್ತು ಪ್ರತ್ಯೇಕವಾಗಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯ ವಿಜ್ಞಾನಿಗಳು ಕಂಡುಕೊಂಡ ಈ ಬೆರಕೆಯಷ್ಟು ಸೆಳೆಯುವ ಶಾಶ್ವತ ಅಯಸ್ಕಾಂತ ಮಾರುಕಟ್ಟೆಯಲ್ಲಿ ಮತ್ತೊಂದಿಲ್ಲ, ಆದರೆ ಕಾವಿಗೆ ಇದು ಬಹಳ ಮೆದು. ಎನ್35, ಎನ್42, ಎನ್52 ಎಂಬ ಹೆಸರುಗಳಲ್ಲಿರುವ ಅಂಕಿ ಬಲವನ್ನು ಹೇಳುತ್ತದೆ. ಕಾವಿನ ಮಿತಿಯನ್ನು ಹೇಳುವುದು ಅಂಕಿಯ ನಂತರದ ಅಕ್ಷರ. ಅಕ್ಷರವೇ ಇಲ್ಲದಿದ್ದರೆ ಮಿತಿ 80 ಡಿಗ್ರಿ. ಎಂ ಎಂದಿದ್ದರೆ 100, ಎಚ್ ಎಂದಿದ್ದರೆ 120, ಎಸ್‌ಎಚ್ 150, ಯುಎಚ್ 180, ಇಎಚ್ 200. ಅಂಗಡಿಯವರು ದೊಡ್ಡಕ್ಷರದಲ್ಲಿ ಮುದ್ರಿಸುವುದು 52 ಎಂಬ ಅಂಕಿಯನ್ನು. ಅಕ್ಷರವಿದೆಯೇ ಇಲ್ಲವೇ ಎಂದು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ.

ಕಾದಾಗ ಆಗುವ ನಷ್ಟದಲ್ಲಿ ಎರಡು ಬಗೆ ಇರುವುದನ್ನು ಇಲ್ಲಿ ಬಿಡಿಸಿ ಹೇಳಬೇಕು. ಮೊದಲನೆಯದು ತಣಿದ ಮೇಲೆ ಮರಳಿ ಬರುವ ನಷ್ಟ: ನಿಯೋಡಿಮಿಯಂ ಅಯಸ್ಕಾಂತದ ಕ್ಷೇತ್ರ ಪ್ರತಿ ಡಿಗ್ರಿಗೆ ಸುಮಾರು ಶೇ. 0.12ರಷ್ಟು ತಗ್ಗುತ್ತದೆ, ಅಂದರೆ 25ರಿಂದ 105ಕ್ಕೆ ಏರುವಷ್ಟರಲ್ಲಿ ಹೆಚ್ಚುಕಡಿಮೆ ಶೇ. 10 ಇಳಿದಿರುತ್ತದೆ, ಕಬ್ಬಿಣದ ತಟ್ಟೆಗೆ ಅಂಟಿ ಹಿಡಿಯುವ ಬಲವು ಕ್ಷೇತ್ರದ ವರ್ಗದಂತೆ ಬದಲಾಗುವುದರಿಂದ ಹಿಡಿತದಲ್ಲಿ ಐದನೆಯ ಒಂದು ಪಾಲಿನಷ್ಟು ಕಡಿಮೆಯಾಗುತ್ತದೆ. ಎರಡನೆಯದು ತಣಿದರೂ ಮರಳದ ನಷ್ಟ. ಇದು ಮಿತಿ ಮೀರಿದಾಗ ಆಗುತ್ತದೆ, ಮತ್ತು ಬಿಲ್ಲೆ ತೆಳುವಾದಷ್ಟೂ ಬೇಗ ಆಗುತ್ತದೆ. ಒಂದೇ ದರ್ಜೆಯ ವಸ್ತುವಿನಿಂದ ಮಾಡಿದ ಉದ್ದನೆಯ ಕಡ್ಡಿ ತಡೆದುಕೊಳ್ಳುವ ಕಾವನ್ನು ನಾಣ್ಯದಂಥ ಬಿಲ್ಲೆ ತಡೆಯುವುದಿಲ್ಲ.

ಇನ್ನು ನಾನು ಕೊಂಡ ಸರಕಿನ ವಿಷಯ. ಮೊದಲನೆಯದು ಆನ್‌ಲೈನಿನಲ್ಲಿ 380 ರೂಪಾಯಿಗೆ ತರಿಸಿದ ಸಿದ್ಧ ಪ್ಲಗ್. ನೋಡಲು ಚೆಂದವಾಗಿತ್ತು, ಥ್ರೆಡ್ ಸರಿಯಾಗಿ ಕೂತಿತು, ತಾಮ್ರದ ವಾಷರ್ ಕೂಡ ಕೊಟ್ಟಿದ್ದರು, ತುದಿಯಲ್ಲಿ 8 ಮಿಲಿಮೀಟರ್ ದಪ್ಪದ, 10 ಮಿಲಿಮೀಟರ್ ಹೊರಚಾಚಿದ ಅಯಸ್ಕಾಂತದ ಕಡ್ಡಿ ಇತ್ತು. ಪೊಟ್ಟಣದ ಮೇಲೆ "ಅತಿ ಬಲಶಾಲಿ" ಎಂದಿತ್ತೇ ಹೊರತು ದರ್ಜೆಯಾಗಲಿ ಕಾವಿನ ಮಿತಿಯಾಗಲಿ ಇರಲಿಲ್ಲ. ಸುಮಾರು 4,000 ಕಿಲೋಮೀಟರ್ ಓಡಿಸಿದ ಮೇಲೆ ಕುತೂಹಲಕ್ಕೆಂದು ಬಿಚ್ಚಿದರೆ ಪ್ಲಗ್ ಬಂತು, ಅಯಸ್ಕಾಂತ ಬರಲಿಲ್ಲ. ಅದು ಕೂತಿದ್ದ ಗುಳಿಯಲ್ಲಿ ಬೆಲ್ಲದ ಪಾಕದಂತೆ ಎಳೆಯಾಗುತ್ತಿದ್ದ ಅಂಟು ಮಾತ್ರ ಉಳಿದಿತ್ತು. ಲೋಹದ ಚೂರು ಹಿಡಿಯಲೆಂದು ಹಾಕಿದ್ದೇ ಗೇರುಗಳ ನಡುವೆ ಒಂದು ಗಟ್ಟಿ ಚೂರಾಗಿ ಬಿದ್ದಿರಬಹುದು ಎಂಬ ಯೋಚನೆಯಲ್ಲಿ ನಾನು ಕೆಳಗೆ ಮಲಗಿದ್ದಾಗ, ಮೆಕ್ಯಾನಿಕ್ ಉದ್ದನೆಯ ಅಯಸ್ಕಾಂತದ ಕಡ್ಡಿಯೊಂದನ್ನು ತೂತಿನೊಳಗೆ ಆಡಿಸಿ, ಒಳಗೋಡೆಯ ಬೀಡಿಗೆ ಅಂಟಿ ಕೂತಿದ್ದ ಆ ಕಡ್ಡಿಯನ್ನು ಎರಡನೆಯ ಪ್ರಯತ್ನದಲ್ಲಿ ಹೊರತೆಗೆದರು. ಬೀಡಿನ ಮೈ ಆಗಿದ್ದರಿಂದ ಅದು ಅಲ್ಲೇ ಅಂಟಿ ಉಳಿದಿತ್ತು. ಅಲ್ಯೂಮಿನಿಯಂ ಮೈ ಆಗಿದ್ದರೆ ಅದು ಹೋಗಿ ಅಂಟುವ ಜಾಗ ಗೇರಿನ ಹಲ್ಲೇ. ಮಾರಿದವರು ದೂರು ಕೊಟ್ಟ ಮೂರು ದಿನಕ್ಕೆ ಹಣ ಹಿಂದಿರುಗಿಸಿದರು, ಅದನ್ನು ಒಪ್ಪಬೇಕು. ಆದರೆ ಅಂಟಿನ ಮೇಲೆ ನಿಂತ ಪ್ಲಗ್ ಯಾರದೇ ಆಗಲಿ, ಎಷ್ಟೇ ಕಡಿಮೆ ಬೆಲೆಯದಾಗಲಿ, ನಾನು ಮತ್ತೆ ಕೊಳ್ಳುವುದಿಲ್ಲ. ಅಂಚನ್ನು ಮಡಚಿ ಅಥವಾ ಒತ್ತಿ ಕೂರಿಸಿದ್ದಾರೆಯೇ ಎಂದು ಕೊಳ್ಳುವಾಗಲೇ ಉಗುರು ಆಡಿಸಿ ನೋಡುವುದು ಒಳ್ಳೆಯದು.

ಎರಡನೆಯದು ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಕೊಂಡ ಎನ್52 ಬಿಲ್ಲೆಗಳು: 12 ಮಿಲಿಮೀಟರ್ ಅಗಲ, 2 ಮಿಲಿಮೀಟರ್ ದಪ್ಪ, ಹತ್ತಕ್ಕೆ 250 ರೂಪಾಯಿ. ಇವನ್ನು ಒಳಗೆ ಹಾಕುವ ಧೈರ್ಯ ಉಳಿದಿರಲಿಲ್ಲವಾದ್ದರಿಂದ ಗೇರ್‌ಬಾಕ್ಸ್‌ನ ಹೊರ ತಳಕ್ಕೆ, ಡ್ರೈನ್ ತೂತಿನ ಸುತ್ತ ಅಂಟಿಸಿದೆ. ಇದು ಶುದ್ಧ ವ್ಯರ್ಥ. ದಪ್ಪ ಬೀಡಿನ ಗೋಡೆ ಅಯಸ್ಕಾಂತದ ಕ್ಷೇತ್ರವನ್ನು ತನ್ನೊಳಗೇ ಹರಿಸಿಕೊಂಡು ಒಂದು ಧ್ರುವದಿಂದ ಇನ್ನೊಂದಕ್ಕೆ ತಲುಪಿಸಿಬಿಡುತ್ತದೆ, ಒಳಗಿನ ಎಣ್ಣೆಗೆ ಉಳಿಯುವುದು ಅತ್ಯಲ್ಪ. ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗಳ ತೆಳು ತಗಡಿನ ಆಯಿಲ್ ಪ್ಯಾನ್‌ಗೆ ಹೊರಗಿನಿಂದ ಅಂಟಿಸಿದರೆ ಒಂದಿಷ್ಟು ಕೆಲಸವಾದೀತು. ಅಲ್ಯೂಮಿನಿಯಂ ಮೈಯಾದರೆ ಕ್ಷೇತ್ರ ಒಳಗೆ ಹಾಯುತ್ತದೆ, ಆದರೆ ಬಿಲ್ಲೆಗೆ ಹಿಡಿದುಕೊಳ್ಳಲು ಹೊರಗೆ ಏನೂ ಇರುವುದಿಲ್ಲ. ಜೊತೆಗೆ ದೂರ ಹೆಚ್ಚಿದಂತೆ ಸೆಳೆತ ಕುಸಿಯುವ ವೇಗ ಬಹಳ. ಚೂರು ಬಂದು ಬೀಳುವ ಎಣ್ಣೆಯಲ್ಲೇ ಅಯಸ್ಕಾಂತ ಮುಳುಗಿರಬೇಕು.

ಬಿಲ್ಲೆಗಳನ್ನು ಕಿತ್ತಾಗ ಮೊದಲಿನಷ್ಟು ಬಿಗಿಯಾಗಿ ಹಿಡಿಯುತ್ತಿಲ್ಲ ಎಂಬ ಅನುಮಾನ ಬಂತು. ಅದರಿಂದಲೇ ಅಂಗಳದಲ್ಲಿ ಒಂದು ಪರೀಕ್ಷೆ ಮಾಡಿದೆ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಹಳೆಯ ಗೇರ್ ಆಯಿಲ್ ಸುರಿದು, ಕಾಯಿಲ್ ಇರುವ ವಿದ್ಯುತ್ ಒಲೆಯ ಮೇಲಿಟ್ಟು, ಥರ್ಮೋಕಪಲ್ ಇಳಿಬಿಟ್ಟು, 110 ಡಿಗ್ರಿಯಲ್ಲಿ ಅರ್ಧ ಗಂಟೆ ಹಿಡಿದೆ. ಇಂಡಕ್ಷನ್ ಒಲೆಯನ್ನು ಇದಕ್ಕೆ ಬಳಸಬಾರದು. ಅದರ ಅದಲುಬದಲಾಗುವ ಕ್ಷೇತ್ರ ಅಯಸ್ಕಾಂತವನ್ನೇ ಕಾಯಿಸುತ್ತದೆ, ಕೆಡಿಸಲೂಬಹುದು. ಅಡುಗೆಮನೆಯೂ ಬೇಡ, ಗೇರ್ ಆಯಿಲ್‌ನಲ್ಲಿರುವ ಗಂಧಕದ ವಾಸನೆ ಮನೆಯವರು ಒಂದು ವಾರ ಮರೆಯುವುದಿಲ್ಲ. ಪೂರ್ತಿ ತಣಿದ ಮೇಲೆ ಪ್ರತಿಯೊಂದನ್ನೂ ಗಟ್ಟಿ ಉಕ್ಕಿನ ತಟ್ಟೆಗೆ ಅಂಟಿಸಿ, ಪೆಟ್ಟಿಗೆ ತೂಗುವ ಕೊಕ್ಕೆಯ ತಕ್ಕಡಿಯಿಂದ ಎಳೆದು, ಬಿಡುವ ಕ್ಷಣದ ತೂಕ ಬರೆದುಕೊಂಡೆ. ಹೊಸ ಎನ್52 ಬಿಲ್ಲೆ 1.9 ಕಿಲೋದಿಂದ 1.1 ಕಿಲೋಗೆ ಇಳಿದಿತ್ತು. ಸಿದ್ಧ ಪ್ಲಗ್‌ನಿಂದ ಕಳಚಿದ್ದ ಕಡ್ಡಿ, ಉದ್ದವಾಗಿದ್ದುದರಿಂದಲೋ ಏನೋ, 1.5ರಿಂದ 1.3ಕ್ಕೆ ಬಂದು ನಿಂತಿತ್ತು. ಹೋಲಿಕೆಗೆಂದು ತಂದಿದ್ದ ಎನ್38ಎಸ್‌ಎಚ್ ಮತ್ತು ಸಮೇರಿಯಂ ಕೋಬಾಲ್ಟ್ ಎಂಬ ಇನ್ನೊಂದು ಬೆರಕೆಯ ಗುಂಡುಗಳು, ಎರಡೂ 10 ಮಿಲಿಮೀಟರ್ ಅಗಲ 5 ಮಿಲಿಮೀಟರ್ ದಪ್ಪದವು, ಕಾಯಿಸುವ ಮೊದಲು ತೋರಿಸಿದ್ದ 2 ಕಿಲೋ ಮತ್ತು 1.6 ಕಿಲೋವನ್ನೇ ಆಮೇಲೂ ತೋರಿಸಿದವು. ಇದು ಪ್ರಯೋಗಾಲಯದ ಅಳತೆಯಲ್ಲ, ಕೊಕ್ಕೆ ಸ್ವಲ್ಪ ಓರೆಯಾದರೂ ನೂರಿನ್ನೂರು ಗ್ರಾಂ ವ್ಯತ್ಯಾಸ ಬರುತ್ತದೆ. ಆದರೂ ಹೆಚ್ಚು ಬಲದ್ದೆಂದು ಕೊಂಡ ಬಿಲ್ಲೆ ಒಂದೇ ಕಾವಿಗೆ ಎಲ್ಲದಕ್ಕಿಂತ ಹೆಚ್ಚು ಕಳೆದುಕೊಂಡದ್ದು ಕಣ್ಣಿಗೆ ಹೊಡೆಯುವಂತಿತ್ತು.

ಮೂರನೆಯದು, ಈಗ ಜೀಪಿನಲ್ಲಿರುವುದು, ಹಾಸನದ ಲೇತ್ ಅಂಗಡಿಯೊಂದರಲ್ಲಿ ಮಾಡಿಸಿದ ಪ್ಲಗ್. ಮೂಲ ಬೋಲ್ಟಿನಂಥದೇ ಇನ್ನೊಂದನ್ನು ಬೆಂಗಳೂರಿನ ಜೆಸಿ ರಸ್ತೆಯಿಂದ ತಂದು, ತುದಿಯಲ್ಲಿ ಗುಳಿ ಕೊರೆಸಿ, ಎಸ್‌ಎಚ್ ದರ್ಜೆಯ ಗುಂಡನ್ನು ಕೂರಿಸಿದೆವು. ಮೊದಲ ಪ್ರಯತ್ನದಲ್ಲಿ ಲೇತ್‌ನವರು ಅಚ್ಚುಕಟ್ಟಾಗಿರಲಿ ಎಂದು ಅಯಸ್ಕಾಂತವನ್ನು ಬೋಲ್ಟಿನ ಮೈಗೆ ಸಮನಾಗಿ ಒಳಗಿಳಿಸಿದ್ದರು. ನೋಡಲು ಕಂಪನಿಯಿಂದ ಬಂದಂತೆಯೇ ಇತ್ತು, ಆದರೆ ಅಲ್ಲೇ ಮೇಜಿನ ಮೇಲೆ ಬಿದ್ದಿದ್ದ ಕಬ್ಬಿಣದ ಪುಡಿಗೆ ತೋರಿಸಿದರೆ ಹಿಡಿದದ್ದು ತೆಳುವಾದ ಒಂದು ಉಂಗುರವನ್ನು ಮಾತ್ರ. ಸುತ್ತಲಿನ ಉಕ್ಕಿನ ಗೋಡೆಯೇ ಕ್ಷೇತ್ರವನ್ನು ನುಂಗಿತ್ತು, ನನ್ನ ಬೀಡಿನ ಗೋಡೆ ಮಾಡಿದ್ದ ಕೆಲಸವನ್ನೇ ಇಲ್ಲಿ ಬೋಲ್ಟು ಮಾಡಿತ್ತು. ಗುಳಿಯನ್ನು ಆಳ ಕಡಿಮೆ ಮಾಡಿ ಇನ್ನೊಂದು ಬೋಲ್ಟಿನಲ್ಲಿ ಕೊರೆದು, ಅಯಸ್ಕಾಂತ 3 ಮಿಲಿಮೀಟರ್ ಹೊರಗೆ ಕಾಣುವಂತೆ ಇಟ್ಟು, ಅದರ ಸುತ್ತ ತೆಳುವಾದ ಹಿತ್ತಾಳೆಯ ಬಳೆ ತೊಡಿಸಿ ಅಂಚನ್ನು ಒಳಕ್ಕೆ ಮಡಚಿದರು. ಹಿತ್ತಾಳೆ ಕ್ಷೇತ್ರಕ್ಕೆ ಅಡ್ಡಬರುವುದಿಲ್ಲ. ಈ ಸಲ ಅದೇ ಪುಡಿ ಮುಳ್ಳುಹಂದಿಯಂತೆ ಎದ್ದು ನಿಂತಿತು. ಆ ಪುಡಿಯನ್ನು ಬಿಡಿಸುವುದು ಹೇಗೆಂದು ನಾನು ಬಟ್ಟೆಯಿಂದ ತಿಕ್ಕುತ್ತಿದ್ದಾಗ ಲೇತ್‌ನವರು ಡಬ್ಬಿಯಿಂದ ಚಪಾತಿ ಹಿಟ್ಟಿನ ಮುದ್ದೆಯೊಂದನ್ನು ತೆಗೆದು ಒತ್ತಿ ಎತ್ತಿದರು. ಒಂದು ಎಳೆಯೂ ಉಳಿಯಲಿಲ್ಲ.

ಸಮೇರಿಯಂ ಕೋಬಾಲ್ಟ್ ಬಗ್ಗೆ ಒಂದು ಮಾತು. ಇದು 1960ರ ದಶಕದಲ್ಲಿ ಬಂದ ವಸ್ತು, 250 ಡಿಗ್ರಿಯನ್ನು ಸರಾಗವಾಗಿ ತಡೆಯುತ್ತದೆ, ತುಕ್ಕಿನ ಭಯವೂ ಕಡಿಮೆ. ನಾನು ಎರಡು ಗುಂಡಿಗೆ 900 ರೂಪಾಯಿ ಕೊಟ್ಟೆ. ಸಾಧಾರಣ ಗೇರ್‌ಬಾಕ್ಸ್‌ಗೆ ಇದು ಅನಗತ್ಯ ಖರ್ಚು ಎಂಬುದು ನನ್ನ ತೀರ್ಮಾನ. ಮೇಲಾಗಿ ಗಾಜಿನಂತೆ ಸಿಡಿಯುವ ಗುಣ ಇದರಲ್ಲಿ ನಿಯೋಡಿಮಿಯಂಗಿಂತ ಹೆಚ್ಚು, ನನ್ನ ಎರಡರಲ್ಲಿ ಒಂದರ ಅಂಚು ತಟ್ಟೆಗೆ ಬಡಿದ ಹೊಡೆತಕ್ಕೇ ಎಗರಿತು. ಇನ್ನೊಂದು ತುದಿಯಲ್ಲಿ ಕಪ್ಪು ಫೆರೈಟ್ ಇದೆ, ಹಳೆಯ ಸ್ಪೀಕರ್‌ಗಳ ಹಿಂದೆ ಕಾಣುವಂಥದು. ಸೆಳೆತ ಬಹಳ ಕಡಿಮೆ, ಆದರೆ 250 ಡಿಗ್ರಿಯವರೆಗೆ ಅಂಜುವುದಿಲ್ಲ, ತುಕ್ಕು ಹಿಡಿಯುವುದೇ ಇಲ್ಲ, ಬೆಲೆಯೂ ಕಡಿಮೆ. ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗಳ ಪ್ಯಾನ್‌ನಲ್ಲಿ ತಯಾರಕರೇ ಇಡುವ ದುಂಡನೆಯ ಅಯಸ್ಕಾಂತಗಳು ಸಾಮಾನ್ಯವಾಗಿ ಇವೇ; ಜಾಗ ಧಾರಾಳವಿರುವ ಕಡೆ ದೊಡ್ಡದಾದ ದುರ್ಬಲ ಅಯಸ್ಕಾಂತ ಸಾಕು. ಅವನ್ನು ತೆಗೆದು ನಿಯೋಡಿಮಿಯಂ ಹಾಕುವ ಉತ್ಸಾಹ ಬೇಡ, ಹತ್ತಿರದಲ್ಲೇ ವೇಗ ಅಳೆಯುವ ಸೆನ್ಸರ್‌ಗಳಿರುತ್ತವೆ, ಬಲವಾದ ಕ್ಷೇತ್ರ ಅವುಗಳ ದಾರಿ ತಪ್ಪಿಸಬಹುದು. ಅಲ್ನಿಕೊ ಎಂಬ ಇನ್ನೂ ಹಳೆಯ ಬೆರಕೆ ಕಾವು ತಡೆಯುವುದರಲ್ಲಿ ಎಲ್ಲಕ್ಕಿಂತ ಮುಂದು. ತಂತಿ, ಮೊಳೆ ನುಂಗಿದ ಹಸುವಿನ ಹೊಟ್ಟೆಯಲ್ಲಿ ಅವು ಚುಚ್ಚದಿರಲೆಂದು ಪಶುವೈದ್ಯರು ನುಂಗಿಸುವ ಬೆರಳುದ್ದದ ಅಯಸ್ಕಾಂತವನ್ನು ಇದರಿಂದಲೂ ಮಾಡುತ್ತಾರೆ. ಕೆಲಸ ಒಂದೇ, ಗೇರ್‌ಬಾಕ್ಸ್ ಮಾತ್ರ ಬೇರೆ.

ಎಂಥ ಅಯಸ್ಕಾಂತ ಹಾಕಿದರೂ ಅದು ಹಿಡಿಯುವುದು ಕಬ್ಬಿಣ ಮತ್ತು ಉಕ್ಕನ್ನು ಮಾತ್ರ. ಗೇರಿನ ಹಲ್ಲು, ಬೇರಿಂಗ್‌ನ ಗುಂಡು, ಶಾಫ್ಟ್ ಸವೆದರೆ ಪ್ಲಗ್‌ನಲ್ಲಿ ಗೊತ್ತಾಗುತ್ತದೆ. ಗೇರು ಬದಲಿಸುವಾಗ ವೇಗ ಹೊಂದಿಸುವ ಸಿಂಕ್ರೊ ರಿಂಗ್‌ಗಳು ಸಾಮಾನ್ಯವಾಗಿ ಹಿತ್ತಾಳೆಯವು. ಅವು ಸವೆದರೆ ಪ್ಲಗ್ ಸ್ವಚ್ಛವಾಗಿಯೇ ಇರುತ್ತದೆ, ಇಳಿಸಿದ ಎಣ್ಣೆಯನ್ನು ಬಿಸಿಲಲ್ಲಿ ಅಲುಗಾಡಿಸಿದರೆ ಮಾತ್ರ ಚಿನ್ನದ ಪುಡಿಯಂಥ ಮಿನುಗು ಕಾಣುತ್ತದೆ. ಗೇರ್‌ಬಾಕ್ಸ್‌ಗೆ ಜಿಎಲ್-4 ದರ್ಜೆಯ ಎಣ್ಣೆ ಎಂದು ಹೇಳಿದ್ದ ಕಡೆ ಡಿಫರೆನ್ಷಿಯಲ್‌ನ ಜಿಎಲ್-5 ಸುರಿದವರಿಗೆ ಈ ಮಿನುಗು ಬೇಗ ಕಾಣಿಸಿಕೊಳ್ಳಬಹುದು, ಅದರಲ್ಲಿನ ಗಂಧಕದ ಸಂಯುಕ್ತಗಳು ಕೆಲವು ಬಗೆಯ ಹಿತ್ತಾಳೆಯನ್ನು ತಿನ್ನುತ್ತವೆ. ಇದಕ್ಕೆ ಅಯಸ್ಕಾಂತದಲ್ಲಿ ಮದ್ದಿಲ್ಲ. ಎಣ್ಣೆಯನ್ನು ಕಾದಿರುವಾಗಲೇ ಇಳಿಸಬೇಕೆಂಬ ಮೆಕ್ಯಾನಿಕ್‌ಗಳ ಮಾತಿಗೂ ಅರ್ಥವಿದೆ: 90 ದರ್ಜೆಯ ಎಣ್ಣೆ 40 ಡಿಗ್ರಿಯಲ್ಲಿ 100 ಡಿಗ್ರಿಯಲ್ಲಿರುವುದಕ್ಕಿಂತ ಸುಮಾರು ಹತ್ತು ಪಟ್ಟು ಮಂದ, ಹೀಗಾಗಿ ತಣ್ಣಗಿದ್ದಾಗ ಹಿತ್ತಾಳೆಯ ಪುಡಿಯೆಲ್ಲ ತಳದಲ್ಲೇ ಉಳಿದುಬಿಡುತ್ತದೆ.

ಮಾಡಿಸುವವರು ಗಮನಿಸಬೇಕಾದ ಒಂದೆರಡು ಸಂಗತಿಗಳಿವೆ. ಅಯಸ್ಕಾಂತ ಒಳಗೆ ಎಷ್ಟು ಚಾಚುತ್ತದೆ ಎಂದು ಅಳೆಯದೆ ಉದ್ದನೆಯದು ಹಾಕಿದರೆ ಗೇರಿಗೆ ತಾಗುವ ಅಪಾಯವಿದೆ. ನಾವು ಪ್ಲಗ್‌ನ ತುದಿಗೆ ಗ್ರೀಸ್‌ನ ಮುದ್ದೆ ಹಚ್ಚಿ, ಕೂರಿಸಿ, ಕೈಯಿಂದ ಗೇರು ತಿರುಗಿಸಿ, ಬಿಚ್ಚಿ ನೋಡಿದೆವು. ಡ್ರೈನ್ ಪ್ಲಗ್ ಬಿಚ್ಚುವ ಮೊದಲು ಎಣ್ಣೆ ತುಂಬುವ ಪ್ಲಗ್ ಬಿಚ್ಚುತ್ತದೆಯೇ ಎಂದು ನೋಡಿಕೊಳ್ಳಬೇಕು, ಇಲ್ಲವಾದರೆ ಖಾಲಿ ಗೇರ್‌ಬಾಕ್ಸ್ ಇಟ್ಟುಕೊಂಡು ಕೂರಬೇಕಾಗುತ್ತದೆ. ವಾಷರ್ ಪ್ರತಿ ಸಲ ಹೊಸದಿರಲಿ.

ಹಾಸನದ ಪ್ಲಗ್ ಹಾಕಿ ಈಗ 9,000 ಕಿಲೋಮೀಟರ್ ಆಗಿದೆ, ಅದರಲ್ಲಿ ಶಿರಾಡಿಯನ್ನು ಭಾರ ಹೇರಿಕೊಂಡು ಏರಿದ್ದೇ ಹನ್ನೊಂದು ಸಲ. ಕಳೆದ ತಿಂಗಳು ಬಿಚ್ಚಿದಾಗ ಅಂಚಿನ ಸುತ್ತ ತೊಗರಿಕಾಳಿನಷ್ಟು ಕಪ್ಪು ಲೇಪವಿತ್ತು, ಅದರೊಳಗೆ ಕೂದಲಿನಂಥ ಒಂದೇ ಒಂದು ಎಳೆ. ಒರೆಸಿ ತಕ್ಕಡಿಗೆ ಹಚ್ಚಿದರೆ ಹಿಡಿತ ಹೊಸದಿದ್ದಾಗಿನಷ್ಟೇ ಬಂತು. ಒಟ್ಟು ಖರ್ಚು ಬೋಲ್ಟು, ಅಯಸ್ಕಾಂತ, ಕೂಲಿ ಸೇರಿ 640 ರೂಪಾಯಿ, ಕೆಟ್ಟ ಮೊದಲ ಬೋಲ್ಟನ್ನು ಲೆಕ್ಕಕ್ಕೆ ಹಿಡಿದಿಲ್ಲ. ಅದೇ ಲೇತ್‌ನವರಿಂದ ಈಗ ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್‌ಗೂ ಇನ್ನೊಂದು ಮಾಡಿಸುತ್ತಿದ್ದೇನೆ. ಥ್ರೆಡ್‌ನ ಅಳತೆಯನ್ನು ಬಾಯಿಮಾತಿನಲ್ಲಿ ಹೇಳಿದರೆ ಅವರು ಒಪ್ಪುವುದಿಲ್ಲ, ಹಳೆಯ ಪ್ಲಗ್ಗನ್ನೇ ಬಿಚ್ಚಿ ತರಬೇಕು ಎನ್ನುತ್ತಾರೆ.